ಹೊಳೆಗಿಳಿದ ಕೈಗಡಿಯಾರ

ನನ್ನ ನೆನಪಿನ ಶಕ್ತಿ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಈಚೆಗೆ ನನ್ನ ಕಿವಿ ಬಿಸಿಯಾಗುತ್ತದೆ. ಮೊದಲು ಹೀಗಿರಲಿಲ್ಲ. ಯಾರ ಮದುವೆಯಲ್ಲಿ ಹೋಳಿಗೆ ಸೀದಿತ್ತು, ಯಾವ ಬೀಗರು ಯಾವ ಕಾರಣಕ್ಕೆ ಎಲೆಯ ಮುಂದಿನಿಂದ ಎದ್ದು ಹೋದರು ಎಂಬುದಕ್ಕೆಲ್ಲ ನಮ್ಮ ಬಳಗದಲ್ಲಿ ನಾನೇ ಸಾಕ್ಷಿ. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಫೋನು ಮಾಡಿ, "ಅಣ್ಣಾ, ನಮ್ಮಜ್ಜನ ತಂಗಿನ ಆನಗೋಡಿಗೆ ಕೊಟ್ಟಿದ್ರಾ, ಹರಿಹರಕ್ಕಾ?" ಎಂದು ಕೇಳುವವರಿದ್ದಾರೆ. ನಾನು ತಡವರಿಸದೆ ಒಂದು ಊರು ಹೇಳುತ್ತೇನೆ. ತಡವರಿಸದೆ ಹೇಳಿದ್ದನ್ನು ಯಾರೂ ತಿರುಗಿ ಕೇಳುವುದಿಲ್ಲ. ನನ್ನ ಕೀರ್ತಿಯ ಗುಟ್ಟು ಅಷ್ಟೇ ಇರಬೇಕು. ಏಕೆಂದರೆ ಇದೇ ನಾನು ಅಡುಗೆಮನೆಗೆ ಹೋಗಿ, ಬಂದದ್ದು ಯಾಕೆಂದು ಹೊಳೆಯದೆ, ಮರ್ಯಾದೆ ಉಳಿಸಿಕೊಳ್ಳಲು ಒಂದು ಲೋಟ ನೀರು ಕುಡಿದು ಬರುತ್ತೇನೆ. "ಬಾಯಾರಿಕೆ ಜಾಸ್ತಿ ಆತು ನಿಮಗೆ" ಎಂದು ನನ್ನ ಹೆಂಡತಿ ನಗುತ್ತಾಳೆ.

ಈ ಕೀರ್ತಿಯ ಮೇಲೆ ತಣ್ಣೀರು ಬಿದ್ದದ್ದು ಹೋದ ವರ್ಷ, ಹರಿಹರದಲ್ಲಿ.

ಅಲ್ಲಿ ನನ್ನ ಸೋದರಮಾವನದು ಬಟ್ಟೆ ಅಂಗಡಿ. ಬೇಸಿಗೆ ರಜೆಯಲ್ಲಿ ನಾನು ಬೀಡುಬಿಡುತ್ತಿದ್ದದ್ದು ಅವರ ಮನೆಯಲ್ಲಿ, ತುಂಗಭದ್ರೆಯಲ್ಲಿ ಈಜು ಕಲಿತದ್ದೂ ಅಲ್ಲೇ. ಮಾವ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಯಾರಾದರೂ ಲಿಂಗೈಕ್ಯರಾದರೆ ಶಿವಗಣಾರಾಧನೆಯ ದಿನ, ಪ್ರಸಾದಕ್ಕೆ ಮೊದಲು, ಬಲ್ಲವರು ಮೈಕು ಹಿಡಿದು ನುಡಿನಮನ ಸಲ್ಲಿಸುತ್ತಾರೆ. ಹೂವು ಹಾಕಿದ ಫೋಟೊದ ಮುಂದೆ ನಿಂತು ಹೇಳಿದ್ದನ್ನು ಅಲ್ಲಗಳೆಯುವ ಪದ್ಧತಿಯಿಲ್ಲ. ಸಾಲ ತೀರಿಸದೆ ಸತ್ತವರೂ ಆ ದಿನ ದಾನಿಗಳೇ. ನೆನಪಿನವನೆಂದು ಮೊದಲ ಮೈಕು ನನ್ನ ಕೈಗೆ ಬಂತು.

ನಾನು ಈಜಿನ ಕಥೆ ಹೇಳಿದೆ. ವರ್ಷಗಟ್ಟಲೆ ಹೇಳಿ ಹದಗೊಂಡ ಕಥೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಮಾವ ನನ್ನನ್ನು ನೀರಿಗೆ ಇಳಿಸಿದ್ದು, ಎದೆಮಟ್ಟದ ನೀರಲ್ಲಿ ನಿಂತು ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಿದ್ದು, ಅವರ ಕೈಗಡಿಯಾರದ ಚೈನು ಉಜ್ಜಿ ನನ್ನ ಹೊಟ್ಟೆಯ ಮೇಲೆ ಕೆಂಪು ಗೀರುಗಳೆದ್ದಿದ್ದು, ಕೊನೆಗೆ ಹೇಳದೆ ಕೇಳದೆ ಕೈ ತೆಗೆದಾಗ ನಾನು ತೇಲಿದ್ದು. "ಆ ಕೈ ತೆಗೆದರೂ ಅದು ನನ್ನ ಕೆಳಗೇ ಇದೆ" ಎಂದು ಮುಗಿಸಿದೆ. ಮುಂದಿನ ಸಾಲಿನಲ್ಲಿ, ಜಮಖಾನದ ಮೇಲೆ ಕೂತಿದ್ದ ಗೌರತ್ತೆ, ಅಂದರೆ ಮಾವನ ಹೆಂಡತಿ, ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಮಾತು ನಾಟಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ನನ್ನ ನಂತರ ಪಕ್ಕದ ಅಂಗಡಿಯವರು ಎದ್ದರು. "ನಾನೂ ಕಣ್ಣಾರೆ ನೋಡೀನ್ರಿ, ಮೀನು ಈಜಿದಂಗೆ ಈಜೋರು" ಎಂದರು. ಇನ್ನೊಬ್ಬರು ತುಂಬಿದ ಹೊಳೆಯನ್ನೇ ಮಾವನಿಂದ ದಾಟಿಸಿದರು. ಆಶೀರ್ವಚನಕ್ಕೆ ಬಂದಿದ್ದ ಸ್ವಾಮಿಗಳಂತೂ, "ಶರಣರು ತುಂಗಭದ್ರೆಯನ್ನಷ್ಟೇ ಅಲ್ಲ, ಸಂಸಾರ ಸಾಗರವನ್ನೂ ಲೀಲಾಜಾಲವಾಗಿ ಈಜಿದರು" ಎಂದು ಮುಗಿಸಿದರು. ನನಗೆ ಬಹಳ ಸಂತೋಷವಾಯಿತು.

ಪ್ರಸಾದಕ್ಕೆ ಕೂತಾಗ ಪಕ್ಕದಲ್ಲಿದ್ದವನು ಮಾವನ ಮಗ ಶಿವಣ್ಣ. ಅನ್ನ ಕಲಸುತ್ತಾ ಮೆಲ್ಲಗೆ ಹೇಳಿದ: "ಅಣ್ಣಾ, ಅಪ್ಪಗೆ ಈಜು ಬರ್ತಿರಲಿಲ್ಲ."

"ಏನಂದಿ?"

"ಮೊಣಕಾಲಿನ ಮ್ಯಾಲೆ ನೀರು ಬಂದ್ರೆ ಕೂಗ್ಕೊಳೋರು. ನಿನಗೆ ಕಲಿಸಿದ್ದು ಅವ್ವ. ಹೊಳಿ ದಂಡಿ ಊರಾಗೆ ಹುಟ್ಟಿದಾಕಿ. ಕಚ್ಚೆ ಹಾಕ್ಕೊಂಡು ಇಳಿತಿದ್ಲು. ಅಪ್ಪ ಮೆಟ್ಲ ಮ್ಯಾಲೆ ಟವಲ್ ಹಿಡ್ಕೊಂಡು, 'ಸಾಕು ಬರ್ರೇ, ಸಾಕು ಬರ್ರೇ' ಅಂತ ಕುಂತಿರೋರು. ಇಡೀ ಮನೆತನಕ್ಕೆ ಗೊತ್ತೈತೆ. ಇರ್ಲಿ, ಉಣ್ಣು."

ಉಣ್ಣಲಾಗಲಿಲ್ಲ. ಮಾವನಿಗೆ ಇಲ್ಲದ ಕಿರೀಟ ಇಟ್ಟದ್ದು ದೊಡ್ಡ ಮಾತಲ್ಲ. ಸತ್ತವರ ತಲೆಗೆ ಯಾವ ಕಿರೀಟವೂ ಭಾರವಲ್ಲ. ಆದರೆ ಅದನ್ನು ಕಿತ್ತದ್ದು ಎದುರಿಗೇ ಕೂತಿದ್ದ ಅತ್ತೆಯ ತಲೆಯಿಂದ, ಅದೂ ಅವರು ಬಾಯಿ ಬಿಡಲಾಗದ ದಿನ. ಸೆರಗು ಒತ್ತಿಕೊಂಡದ್ದು ಯಾಕೆಂದು ಆಗ ತಿಳಿಯಿತು. ನಾಚಿಕೆಯಿಂದ ಬೆವೆತೆ. ಕೈತೊಳೆಯುವ ನೆಪದಲ್ಲಿ ಎದ್ದವನು ಅತ್ತೆಗೆ ಹೇಳದೆಯೇ ದಾವಣಗೆರೆ ಬಸ್ಸು ಹತ್ತಿದೆ.

ಆಮೇಲೆ ಕೂತು ಯೋಚಿಸಿದ್ದೇನೆ. ನೆನಪೆಂದರೆ ಕಬ್ಬಿಣದ ಪೆಟ್ಟಿಗೆ, ಇಟ್ಟದ್ದು ಇಟ್ಟ ಹಾಗೇ ಇರುತ್ತದೆ ಎಂದು ನಾವು ತಿಳಿದಿರುತ್ತೇವೆ. ಮನಸ್ಸಿನ ಶಾಸ್ತ್ರ ಓದಿದವರು ಹಾಗಲ್ಲ ಎನ್ನುತ್ತಾರೆ. ಪ್ರತಿ ಸಲ ನೆನೆಯುವಾಗಲೂ ಮನಸ್ಸು ಆ ಘಟನೆಯನ್ನು ಹೊಸದಾಗಿ ಕಟ್ಟುತ್ತದಂತೆ, ಕಟ್ಟಿದ್ದನ್ನೇ ಮತ್ತೆ ಒಳಗಿಡುತ್ತದಂತೆ. ದಾವಣಗೆರೆಯವನಿಗೆ ಇದು ಬೇಗ ಅರ್ಥವಾಗಬೇಕು. ಒಳಗಿರುವುದು ಹಿಟ್ಟು ಮಾತ್ರ. ದೋಸೆ ಆಗಿಂದಾಗಲೇ ಹುಯ್ದದ್ದು, ಬೆಣ್ಣೆ ಕೇಳುವವರ ಮುಖ ನೋಡಿ ಹಾಕಿದ್ದು. ಅದರಲ್ಲೂ ಹೆಚ್ಚು ಸಲ ಹೇಳಿದ ಕಥೆಯೇ ಹೆಚ್ಚು ಕೆಟ್ಟಿರುತ್ತದೆ, ಮತ್ತು ಅದನ್ನೇ ನಾವು ಹೆಚ್ಚು ನಂಬುತ್ತೇವೆ. ಗಡಿಯಾರದ ಚೈನಿನಂಥ ಸಣ್ಣ ವಿವರವೊಂದು ಇದ್ದುಬಿಟ್ಟರೆ ಮುಗಿಯಿತು, ಜನ ಇರಲಿ, ಹೇಳುವವನೇ ತಲೆದೂಗುತ್ತಾನೆ.

ಅತ್ತೆ ಮಾವನಾದದ್ದು ಯಾವಾಗ? ಹೈಸ್ಕೂಲಿನಲ್ಲಿ ಗೆಳೆಯರೆದುರು ಈ ಕಥೆ ಮೊದಲು ಹೇಳಿದಾಗ, ಹೆಂಗಸಿನ ಕೈಲಿ ಈಜು ಕಲಿತೆ ಎನ್ನಲು ನಾಚಿ "ಮಾವ" ಎಂದಿರಬೇಕು. ಒಮ್ಮೆ ಅಂದ ಸುಳ್ಳು ನೂರು ಸಲ ಅಂದಾಗ ನೆನಪಾಯಿತು. ಹೀಗೆಂದು ನಾನು ಊಹಿಸುತ್ತಿದ್ದೇನೆ, ಅಷ್ಟೇ. ಇದೂ ಒಂದು ಹೊಸ ದೋಸೆ ಇದ್ದೀತು. ಅಂದು ಪಡಬಾರದ ನಾಚಿಕೆಯನ್ನು ಪಟ್ಟದ್ದಕ್ಕೆ ಇಂದು ಪಡಬೇಕಾದ ನಾಚಿಕೆ ಬಂದು ಕೂತಿದೆ.

ಕೊನೆಗೆ ಧೈರ್ಯ ಮಾಡಿ ಹರಿಹರಕ್ಕೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಬಾರಪ್ಪಾ, ಅವತ್ತು ಹೇಳದೇ ಹೋದಿ" ಎಂದರು. ನಾನು ಬಡಬಡನೆ ತಪ್ಪೊಪ್ಪಿಕೊಂಡೆ. ಮಾವನ ವರ್ಷದ ಪುಣ್ಯಸ್ಮರಣೆಗೆ ಮತ್ತೆ ಮೈಕು ಕೇಳುತ್ತೇನೆ, ಎಲ್ಲರೆದುರು ತಿದ್ದುತ್ತೇನೆ ಎಂದೆ.

"ಬ್ಯಾಡ" ಎಂದರು ಅತ್ತೆ. "ಜೀವಮಾನವೆಲ್ಲ ನೀರಿಗೆ ಹೆದರಿದ ಮನುಷ್ಯ, ನಿನ್ನ ಬಾಯಾಗೆ ಒಂದಿನ ಈಜಿದ್ರು. ನನಗೆ ನಗು ಬಂದಿತ್ತು, ಅಂಥ ದಿನ ನಗಬಾರದು ಅಂತ ಸೆರಗು ಒತ್ಕೊಂಡೆ. ಆಮ್ಯಾಲೆ ಅಳು ಬಂತು." ಸ್ವಲ್ಪ ಹೊತ್ತು ಕಾಯಿ ಸುಲಿದು, ತಲೆಯೆತ್ತದೆ ಕೇಳಿದರು: "ಊರಿಗೆ ಹೇಳೋದು ಬಿಡು. ನಿನಗಾದ್ರೂ ಈಗ ನೆನಪಾತೇನು, ನಾನು ನೀರಾಗೆ ನಿಂತಿದ್ದು?"

ಅವರಿಗೆ ಬೇಕಾಗಿದ್ದದ್ದು ಅದೊಂದೇ. "ಹೂಂ ಅತ್ತೆ, ಹಸಿರು ಸೀರೆ" ಎಂಬ ಮಾತು ತಡವರಿಸದೆ ನಾಲಿಗೆಯ ತುದಿಗೆ ಬಂದಿತ್ತು. ಬಹಳ ಕಷ್ಟಪಟ್ಟು ನುಂಗಿದೆ. "ಇಲ್ಲ ಅತ್ತೆ. ಈಗಲೂ ಕಣ್ಣು ಮುಚ್ಚಿದ್ರೆ ಮಾವನೇ ಕಾಣ್ತಾರೆ. ಗಡಿಯಾರ ಕಟ್ಕೊಂಡು" ಎಂದೆ. ಆ ಕ್ಷಣದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಅತ್ತೆ ಕಾಯಿ ಕೆಳಗಿಟ್ಟರು. "ಹುಚ್ಚಪ್ಪಾ, ಗಡಿಯಾರ ಕಟ್ಕೊಂಡು ಯಾರಾದ್ರೂ ಹೊಳಿಗೆ ಇಳಿತಾರಾ? ಅದು ಬಳಿ ಕಣೋ, ಗಾಜಿನ ಬಳಿ! ಹೊಟ್ಟಿಗೆ ಗೀರ್ತಾವೆ ಅಂತ ನೀನು ಅಳೋದು, ಮ್ಯಾಲೆ ಸರಿಸ್ಕೊಂಡ್ರೂ ಮತ್ತೆ ಜಾರೋವು" ಎನ್ನುತ್ತಾ, ಅಂದಿನ ಹಾಗೇ ಬಳೆ ಮೇಲೆ ಸರಿಸಲು ಹೋದರು. ಬಲಗೈ ಎಡಗೈಯ ಬರಿ ಮಣಿಕಟ್ಟನ್ನು ಸವರಿ ಸುಮ್ಮನಾಯಿತು.

ನಾನೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ. ಹೊಟ್ಟೆಯ ಮೇಲಿನ ಗೀರಾದರೂ ನಿಜವಾಗಿತ್ತು. ಇಷ್ಟು ವರ್ಷ ನನ್ನ ಹೊಟ್ಟೆ ಅತ್ತೆಯ ಹೆಸರು ಹೇಳುತ್ತಲೇ ಇತ್ತು, ತಲೆ ಅದಕ್ಕೊಂದು ಗಡಿಯಾರ ಕಟ್ಟಿ ಸುಮ್ಮನಾಗಿಸಿತ್ತು.

ಈಗಲೂ ಫೋನುಗಳು ಬರುತ್ತವೆ: "ಅಣ್ಣಾ, ನಿನಗೆ ಗೊತ್ತಿರ್ತೈತೆ ಹೇಳು." ಹೇಳುವ ಮೊದಲು ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಅದನ್ನು ಕಂಡ ಹೆಂಡತಿ ಹಸಿವೆಂದು ತಿಳಿದು ಮಂಡಕ್ಕಿ ತಂದಿಡುತ್ತಾಳೆ. "ನೆನಪಿಲ್ಲಪ್ಪಾ" ಎಂದು ಫೋನಿಟ್ಟು, ತಲೆ ತಗ್ಗಿಸಿ ತಿನ್ನುತ್ತೇನೆ.