ಸೂರಿಗೆ ಸಿಕ್ಕಿಸಿದ್ದ ಕರಟ

ಕಳೆದ ತಿಂಗಳು ನಂಜನಗೂಡಿನ ಹೊರಗೆ, ಮೈಸೂರು ರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲಿಗೆ ತಂಗಿಯ ಮಕ್ಕಳು ನನ್ನನ್ನು ಎಳೆದುಕೊಂಡು ಹೋಗಿದ್ದರು. ಊಟವಾದ ಮೇಲೆ ಐಸ್‌ಕ್ರೀಮ್ ಬಂತು. ಬಟ್ಟಲಿನಲ್ಲಲ್ಲ, ಕರಟದಲ್ಲಿ. ನಾರು ಹೆರೆದು, ಎಣ್ಣೆ ಸವರಿ, ಫಳಫಳ ಹೊಳೆಯುವಂತೆ ಮಾಡಿದ ತೆಂಗಿನ ಕರಟ. ಮಕ್ಕಳು ಅದರ ಫೋಟೋ ತೆಗೆಯುವುದರಲ್ಲಿ ಮುಳುಗಿದರು. ನಾನು ಚಮಚ ಹಿಡಿದು ಸುಮ್ಮನೆ ಕೂತೆ. ಕರಟ ಕಂಡರೆ ನನಗೆ ಇವತ್ತಿಗೂ ಪೋಸ್ಟ್ ಮಾಸ್ಟರೇ ನೆನಪಾಗುವುದು…

ತೊಂಬತ್ತರ ದಶಕದಲ್ಲಿ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಪಹಣಿ ತಿದ್ದುಪಡಿ, ವಿಧವಾ ವೇತನ, ಅಣ್ಣತಮ್ಮಂದಿರ ತಕರಾರು, ಊರಿನವರ ಕಷ್ಟವೆಲ್ಲ ನನ್ನ ಮೆಷಿನ್ನಿನ ಮೂಲಕವೇ ಕಚೇರಿ ಸೇರಬೇಕಿತ್ತು. ಪೋಸ್ಟ್ ಮಾಸ್ಟರು ಮುಡುಕುತೊರೆ ಕಡೆಯ ಹಳ್ಳಿಯವರು. ಪೋಸ್ಟ್‌ಮ್ಯಾನ್ ಆಗಿ ಸೇರಿ, ಪೋಸ್ಟ್ ಮಾಸ್ಟರಾಗಿ ನಿವೃತ್ತರಾಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಕೊಡೆ. ಮೊದಲ ದಿನವೇ ಎದುರಿನ ಸ್ಟೂಲಿನಲ್ಲಿ ಕೂತು, "ಮ್ಯೂಸಿಯಂಗೆ ಗೌರ್ಮೆಂಟ್ನೋರು ಗ್ರಾಂಟ್ ಕೊಡ್ತಾರಂತಲ್ಲ ಮೇಡಮ್ಮ, ಒಂದ್ ಅರ್ಜಿ ಒಡ್ದ್ಕೊಡಿ" ಎಂದರು.

"ಯಾವ ಮ್ಯೂಸಿಯಂ ಸಾರ್?" ಎಂದೆ.

"ನಮ್ದೇ. ನಮ್ ಕೇರೀದು."

ನನಗೆ ನಗು ಬಂದಿತ್ತು. ಮ್ಯೂಸಿಯಂ ಎಂದರೆ ರಾಜರ ಕತ್ತಿ, ಗಾಜಿನ ಪೆಟ್ಟಿಗೆ ಎಂದು ತಿಳಿದಿದ್ದವಳು ನಾನು. ಅವರು ನಗಲಿಲ್ಲ, ಪಟ್ಟಿ ಹೇಳತೊಡಗಿದರು. ತಮಟೆಗಳು, ಕಥೆ ಹಾಡುವ ನೀಲಗಾರರ ತಂಬೂರಿ, ಚರ್ಮ ಹದ ಮಾಡುವ ಬಾನಿ, ಸೂಲಗಿತ್ತಿಯ ಕುಡುಗೋಲು… ತಮ್ಮ ದಲಿತ ಕೇರಿಯಲ್ಲಿ ಜನ ಹಿತ್ತಿಲಿಗೆ ಎಸೆದದ್ದನ್ನೆಲ್ಲ ತಂದು ಮನೆ ಪಕ್ಕದ ಹೆಂಚಿನ ಕೋಣೆಯಲ್ಲಿ ಜೋಡಿಸಿದ್ದರು. ಕೋಣೆ ಸೋರುತ್ತಿತ್ತು. ಮಳೆಗಾಲ ಬಂದರೆ ತಮಟೆಯ ಚರ್ಮಕ್ಕೆ ಬೂಷ್ಟು ಹಿಡಿಯುತ್ತಿತ್ತು. ಒಂದು ಗಟ್ಟಿ ಸೂರು ಬೇಕು, ಅದಕ್ಕೆ ಅನುದಾನ ಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅರ್ಜಿ ಪ್ರತಿ ವರ್ಷ ಹೋಗುತ್ತಿತ್ತು, ಪ್ರತಿ ವರ್ಷ ವಾಪಸು ಬರುತ್ತಿತ್ತು. ಟ್ರಸ್ಟ್ ನೋಂದಣಿಯಾಗಿಲ್ಲ ಎಂದರು ಕಚೇರಿಯವರು. ಮಾಡಿಸಿದರು. ಫೋಟೋ ಇಲ್ಲ ಎಂದರು. ತೆಗೆಸಿದರು. ಕಟ್ಟಡದ ದಾಖಲೆ ತನ್ನಿ ಎಂದಾಗ ಮಾತ್ರ ನನ್ನ ಮುಂದೆ ಕೂತು ತಲೆ ಕೆರೆದುಕೊಂಡರು. "ಗ್ರಾಂಟ್ ಕೊಟ್ರೆ ಕಟ್ಟಡ ಕಟ್ತೀನಿ ಅಂತೀನಿ ನಾನು. ಕಟ್ಟಡ ಇದ್ರೆ ಗ್ರಾಂಟ್ ಕೊಡ್ತೀವಿ ಅಂತಾರೆ ಅವ್ರು. ಇಬ್ರೂ ಸರಿಯಾಗೇ ಮಾತಾಡ್ತಾ ಇದ್ದೀವಿ ನೋಡಿ." ಬೈಯುವುದು ಅವರಿಗೆ ಬರುತ್ತಲೇ ಇರಲಿಲ್ಲ. ಅವರ ಪರವಾಗಿ ನಾನೇ ಬೈದುಕೊಳ್ಳುತ್ತಿದ್ದೆ. ಪೇಪರಿನಲ್ಲಿ 'ಅರ್ಜಿ ಆಹ್ವಾನ' ಕಂಡ ಕೂಡಲೇ ಕತ್ತರಿಸಿ ಡ್ರಾಯರಿನಲ್ಲಿ ಇಡುವುದು ನನಗೂ ರೂಢಿಯಾಗಿಹೋಯಿತು. ನಾನು ಕಂಪ್ಯೂಟರ್ ಕೊಂಡ ವರ್ಷ ಅವರು ಹಾಳೆಯನ್ನು ತಿರುಗಿಸಿ ಸವರಿ ನೋಡಿ, ಟೈಪ್‌ರೈಟರಿನ ಹಾಗೆ ಅಕ್ಷರ ಹಿಂದಕ್ಕೆ ಮೂಡಿಲ್ಲವಲ್ಲ, ಇದು ನಿಲ್ಲುತ್ತದೆಯೇ ಎಂದು ಅನುಮಾನಪಟ್ಟಿದ್ದರು.

ಕೊನೆಗೊಂದು ವರ್ಷ ಕಾಗದ ಬಂತು. ಸ್ಥಳ ಪರಿಶೀಲನೆಗೆ ಅಧಿಕಾರಿ ಬರುತ್ತಾರೆ ಎಂದು. ದಾಖಲೆಗಳೆಲ್ಲ ಇದ್ದದ್ದು ನನ್ನ ಬಳಿಯೇ ಆದ್ದರಿಂದ ನಾನೂ ಹೋದೆ. ಆ ಕೋಣೆಯನ್ನು ನಾನು ನೋಡಿದ್ದು ಅವತ್ತೇ ಮೊದಲು. ಸುಣ್ಣ ಹೊಡೆದಿದ್ದರು, ಪ್ರತಿ ವಸ್ತುವಿನ ಕೆಳಗೂ ಚೀಟಿ ಅಂಟಿಸಿದ್ದರು. ಒಂದು ಮೂಲೆಯ ಹಲಗೆಯ ಮೇಲೆ ಅಂಚು ಸೀಳಿದ, ಕಪ್ಪಗಾದ ಒಂದು ಕರಟವಿತ್ತು.

ಅವರ ತಾಯಿ ಪಕ್ಕದೂರಿನ ದೊಡ್ಡ ಮನೆಯೊಂದಕ್ಕೆ ಕಳೆ ಕೀಳಲು, ರಾಗಿ ಬಡಿಯಲು ಹೋಗುತ್ತಿದ್ದರಂತೆ. ಆ ಮನೆಯವರು ಹಿತ್ತಿಲಲ್ಲಿ ನಿಲ್ಲಿಸಿ, ಮೇಲಿನಿಂದ ಕರಟಕ್ಕೆ ಮಜ್ಜಿಗೆ ಹುಯ್ಯುತ್ತಿದ್ದರು. ಕುಡಿದು, ತಾವೇ ತೊಳೆದು, ಸೂರಿನ ಸಂದಿಗೆ ಸಿಕ್ಕಿಸಿ ಬರಬೇಕು. ಚಿಕ್ಕಂದಿನಲ್ಲಿ ಇವರೂ ಅದರಲ್ಲೇ ಕುಡಿದಿದ್ದರು. ತಾಯಿ ತೀರಿಹೋಗಿ ಎಷ್ಟೋ ವರ್ಷದ ಮೇಲೆ, ಪೋಸ್ಟ್‌ಮ್ಯಾನ್ ಆಗಿ ಆ ಮನೆಗೆ ಮನಿಯಾರ್ಡರ್ ಕೊಡಲು ಹೋದಾಗ ನೋಡಿದರೆ, ಕರಟ ಅಲ್ಲೇ ಇತ್ತು. ಮನೆಯವರು ಯಾರೂ ಅದನ್ನು ಮುಟ್ಟಿರಲಿಲ್ಲ, ಅದಕ್ಕೇ ಉಳಿದಿತ್ತು. ಕೇಳಿದಾಗ ಆ ಮನೆಯ ಸೊಸೆ, "ತಗೊಂಡು ಹೋಗಿ. ದಿನಾ ನೋಡೋಕೆ ನನಗೂ ಆಗ್ತಿಲ್ಲ" ಎಂದರಂತೆ. ಅಂಥ ಕರಟ ನಾನೂ ಕಂಡಿದ್ದೆ, ನಮ್ಮ ಅಜ್ಜಿಯ ಮನೆಯ ಹಿತ್ತಿಲಲ್ಲಿ. ಇದೇನಜ್ಜಿ ಎಂದು ಕೇಳಿದ್ದಕ್ಕೆ, ಮುಟ್ಟಬೇಡ ಎಂದಷ್ಟೇ ಹೇಳಿದ್ದರು.

ಅಧಿಕಾರಿ ಒಳ್ಳೆಯವರೇ. ತಂಬೂರಿ ಮೀಟಿ ನೋಡಿದರು, ತಮಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕರಟದ ಮುಂದೆ ಚೀಟಿ ಓದುತ್ತಾ ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲಗೆ, "ಇದೊಂದನ್ನ ಪಟ್ಟಿಯಿಂದ ತೆಗೆದುಬಿಡಿ ಸಾರ್. ಇದು ಜಾನಪದದ ಗ್ರಾಂಟು. ಮೇಲಿನವರು ನಾಳೆ ಊರಲ್ಲಿ ಗಲಾಟೆ ಆಗುತ್ತೆ ಅಂತಾರೆ. ಮಿಕ್ಕಿದ್ದಕ್ಕೆಲ್ಲ ನಾನು ಶಿಫಾರಸು ಬರೀತೀನಿ" ಎಂದರು.

ಬಾಗಿಲಲ್ಲಿ ನಿಂತಿದ್ದ ಮಗನಿಗೂ ಅದೇ ಬೇಕಿತ್ತು. "ತೆಗ್ದುಬುಡಪ್ಪ. ನಾವು ಓದಿ ಕೆಲ್ಸ ತಕಂಡ್ ಮ್ಯಾಲೂ ಮಕ್ಳಿಗೆ ಇದ್ನೇ ತೋರುಸ್ಬೇಕಾ?" ಎಂದ. ನನಗೂ ತೆಗೆದರೆ ತೆಗೆಯಲಿ ಅನ್ನಿಸಿತು. ಇಷ್ಟು ವರ್ಷದ ಓಡಾಟ, ಒಂದು ಕರಟ…

ಪೋಸ್ಟ್ ಮಾಸ್ಟರು ಸೋರಿ ಕಲೆಯಾದ ಗೋಡೆ ನೋಡಿದರು, ತಮಟೆಗಳನ್ನು ನೋಡಿದರು. "ನಮ್ಮವ್ವ ಆ ಮನೆ ಒಳಿಕ್ಕೆ ಯಾವತ್ತೂ ಓಗ್ಲಿಲ್ಲ ಸಾ" ಎಂದರು. "ಈಗ ನಮ್ಮನೆಯಿಂದ್ಲೂ ಆಚಿಕ್ ನಿಲ್ಸು ಅಂತೀರಾ?"

ಅಧಿಕಾರಿ ಅವರ ಕೈ ಹಿಡಿದು ಅದುಮಿ, ಕಾಫಿ ಕುಡಿದು ಹೊರಟರು. ಮರುದಿನ ಪೋಸ್ಟ್ ಮಾಸ್ಟರು ಅಂಗಡಿಗೆ ಬಂದು ಪಟ್ಟಿಯನ್ನು ಮತ್ತೆ ಹೊಡೆಸಿದರು. ನಡುವೆಲ್ಲೋ ಇದ್ದ ಕರಟ ಮೊದಲ ಸಾಲಿಗೆ ಬಂತು. ಎಂದಿನಂತೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಅನುದಾನ ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕೋಣೆಯ ಒಂದು ಗೋಡೆ ಕುಸಿಯಿತು. ತಮಟೆಗಳು ನೆನೆದುಹೋದವು. ಪೋಸ್ಟ್ ಮಾಸ್ಟರು ಅಂಗಡಿಗೆ ಬಂದು ಆ ಸುದ್ದಿ ಹೇಳಿ, ಸ್ಟೂಲಿನಲ್ಲಿ ಕೂರದೆಯೇ ಹೊರಟುಹೋದರು. ಆಮೇಲೆ ಅವರು ಅರ್ಜಿ ಹಾಕಲಿಲ್ಲ. ಬಹಳ ದಿನ ಬದುಕಲೂ ಇಲ್ಲ. ಅವರ ಸಾವಿನ ಸುದ್ದಿ ಬಂದ ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತುಬಿಟ್ಟಿದ್ದೆ.

ಹೋಟೆಲಿನಲ್ಲಿ ಐಸ್‌ಕ್ರೀಮ್ ಕರಗಿ ನೀರಾಗಿತ್ತು. ಬಡಿಸುವ ಹುಡುಗ ಬಂದು, "ಕರಟ ಮನೆಗೆ ತಗೊಂಡೋಗ್ಬೋದು ಮೇಡಂ, ಫ್ರೀ" ಎಂದ. ಬೇಡಪ್ಪ ಎಂದೆ.

ಮನೆಗೆ ಬಂದವಳೇ ಅವರ ಮಗನಿಗೆ ಫೋನ್ ಮಾಡಿದೆ. ವರ್ಷಗಳೇ ಆಗಿತ್ತು ಮಾತಾಡಿ. ಕೋಣೆಯಿದ್ದ ಜಾಗದಲ್ಲಿ ಈಗ ಬೈಕ್ ನಿಲ್ಲಿಸುತ್ತಾರಂತೆ. ಉಳಿದ ಸಾಮಾನನ್ನು ಯಾರು ಯಾರೋ ಕೇಳಿ ತೆಗೆದುಕೊಂಡು ಹೋದರಂತೆ. ಕೇಳಲೋ ಬೇಡವೋ ಎಂದು ತಡೆದು ತಡೆದು ಕೇಳಿದೆ, ಆ ಕರಟ ಏನಾಯಿತು ಎಂದು.

"ಅಜ್ಜೀದಾ?" ಎಂದ. "ನಡುಮನೇಲಿ ಮಡ್ಗಿದ್ದೀವಿ ಮೇಡಮ್ಮ. ಬುದ್ಧನ್ ಪಟದ್ ಕೆಳ್ಗೆ, ಅಪ್ಪನ್ ಫೋಟೋ ಪಕ್ಕ. ನನ್ ಮಗ್ಳು ದಿನಾ ಒರುಸ್ತಾಳೆ."

ಫೋನ್ ಇಟ್ಟೆ. ಪೋಸ್ಟ್ ಮಾಸ್ಟರ ಅವ್ವ ಕೊನೆಗೂ ಮನೆಯೊಳಗೆ ಬಂದಿದ್ದರು. ಕರೆದುಕೊಂಡು ಬಂದವರು ಈಗ ಇಲ್ಲ.