ಡಕೋಟಾದ ಹೊರಗೆ ಉಳಿದ ಮಾವ

ಎರಡು ವರ್ಷದ ಹಿಂದಿನ ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ. ನಮ್ಮ ಮನೆ ಭಾಲ್ಕಿಯಲ್ಲಿದೆ. ಯಜಮಾನರಿಗೆ ಔರಾದಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಅಂಗಡಿಯ ತಕ್ಕಡಿಗೆ ಪೂಜೆ ಮಾಡಲು ಅವರು ಬೆಳಗ್ಗೆಯೇ ಹೋಗಿದ್ದರು. ಮನೆಯಲ್ಲಿ ಉಳಿದವರು ನಾನು, ಮೂರನೇ ತರಗತಿಯ ಮಗಳು ಗೌರಿ ಮತ್ತು ನಮ್ಮ ಮಾವ.

ಮಾವ ವಾಯುಪಡೆಯಲ್ಲಿದ್ದವರು. ವಿಮಾನ ಹಾರಿಸುತ್ತಿರಲಿಲ್ಲ, ರಿಪೇರಿ ಮಾಡುತ್ತಿದ್ದರು. ಡಕೋಟಾ ಎಂಬ ಸಾಗಣೆ ವಿಮಾನ ಅವರ ಪಾಲಿಗೆ ಬಂದಿತ್ತು. ಗುಡ್ಡಗಾಡಿನ ಸೈನಿಕರಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಹೊತ್ತು ಹೋಗುತ್ತಿತ್ತಂತೆ. ನಾನು ಸೊಸೆಯಾಗಿ ಬಂದಾಗಿನಿಂದ ಅದರ ಕಥೆ ಕೇಳದ ದಿನವಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಶುರುವಾದ ಮಾತೂ ಹೇಗೋ ಡಕೋಟಾಕ್ಕೇ ಬಂದು ನಿಲ್ಲುತ್ತಿತ್ತು. ಪ್ರತಿ ಖಂಡೇನವಮಿಗೆ ತಮ್ಮ ಹಳೆಯ ರಿಪೇರಿ ಸಾಮಾನು, ಪಾನಾ, ಪಕ್ಕಡಗಳನ್ನೆಲ್ಲ ತೊಳೆದು ವಿಭೂತಿ ಹಚ್ಚಿ, ಲೋಬಾನದ ಹೊಗೆ ತೋರಿಸುವುದು ಅವರ ಪದ್ಧತಿ.

ಆ ವರ್ಷ ಬೀದರ್ ಹೊರಗೆ, ಅಷ್ಟೂರ ಕಡೆಯ ಒಂದು ಸಣ್ಣ ಸಂಗ್ರಹಾಲಯಕ್ಕೆ ಹಾರಾಟ ನಿಲ್ಲಿಸಿದ ಡಕೋಟಾ ಒಂದನ್ನು ತಂದು ನಿಲ್ಲಿಸಿದ್ದರು. ಸುದ್ದಿ ತಿಳಿದ ಮೇಲೆ ಮಾವ ಒಂದು ಕಡೆ ಕೂಡಲಿಲ್ಲ.

“ಈ ಸಲ ಪಾನಾಕ್ಕಲ್ಲ, ವಿಮಾನಕ್ಕೇ ಪೂಜಿ ಮಾಡೂನು ನಡಿ ಸುವರ್ಣಾ,” ಎಂದರು.

“ಮಾವಾರ, ಅದೇನ್ ನಮ್ಮ ಮನಿ ಮೋಟಾರ್ ಸೈಕಲ್ ಏನ್ರಿ? ಅಲ್ಲಿ ಬಿಡ್ತಾರೇನ್ರಿ?”

“ಕೇಳಿ ಬಂದೀನಿ. ಚಾಚಾ ಹೂಂ ಅಂದಾನ.”

ಚಾಚಾ ಎಂದರೆ ಅಲ್ಲಿನ ಕಾವಲುಗಾರ ಮೆಹಬೂಬ್ ಚಾಚಾ. ನಾವು ಮೂವರೂ ಹೋದ ಕೂಡಲೇ ಅವರು ನಗುನಗುತ್ತ ವಿಮಾನದ ಬಾಗಿಲು ತೆರೆದುಕೊಟ್ಟರು. ತಮ್ಮ ಶೇಗಡಿ ಒಲೆಯಿಂದ ಕೆಂಡವನ್ನೂ ತಂದು ಮಾವನ ಧೂಪಾರತಿಗೆ ಹಾಕಿದರು. “ಆರಾಮ್ ಮಾಡ್ರಿ ಸಾಬ್, ಇವತ್ತ ಮಂದಿ ಯಾರೂ ಇಲ್ಲ,” ಎಂದು ದೂರದ ಗೇಟಿನ ಕಡೆ ಹೋದರು.

ಡಕೋಟಾ ಹಿಂದಿನ ಸಣ್ಣ ಗಾಲಿಯ ಮೇಲೆ ಬಾಲ ಊರಿ, ಮೂತಿ ಮೇಲೆತ್ತಿ ನಿಂತಿತ್ತು. ಬಾಗಿಲು ಬಾಲದ ಹತ್ತಿರ. ಮೆಟ್ಟಿಲು ಹತ್ತಿ ಒಳಗೆ ಹೋದರೆ ನೆಲವೇ ಏರು. ಎರಡೂ ಬದಿಗೆ ತಗಡಿನ ಆಸನ, ಸಣ್ಣ ಸಣ್ಣ ಕಿಟಕಿ. ಪ್ರತಿ ಕಿಟಕಿಯ ಗಾಜಿನ ನಡುವೆ ಬಂದೂಕಿನ ನಳಿಗೆ ತೂರಿಸಲು ಮಾಡಿದ ದುಂಡನೆಯ ತೂತು. ಗೌರಿ ಒಂದೊಂದೇ ತೂತಿಗೆ ಕಣ್ಣಿಟ್ಟು ನೋಡುತ್ತ ಖುಷಿಯಿಂದ ಕುಣಿಯುತ್ತಿದ್ದಳು. ಮಾವ ಬಾಗಿಲಿಗೆ ವಿಭೂತಿ ಹಚ್ಚಿ, ಕೈಮುಗಿದು, ಲೋಬಾನದ ಹೊಗೆ ಹಿಡಿದು ವಿಮಾನಕ್ಕೆ ಪ್ರದಕ್ಷಿಣೆ ಹಾಕಲು ಹೊರಟರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ನನಗೂ ಇಷ್ಟು ವರ್ಷ ಆ ಕಥೆಗಳಿಗೆ ಮುಖ ಸಿಂಡರಿಸಬಾರದಿತ್ತು ಅನ್ನಿಸಿತು.

ಆಚೆ ಬದಿಯ ರೆಕ್ಕೆಯ ಅಡಿಯಲ್ಲಿ ಹೆಜ್ಜೇನು ಕಟ್ಟಿತ್ತು. ಅದು ನಮಗೆ ಗೊತ್ತಿರಲಿಲ್ಲ. ಚಾಚಾ ಹೇಳುವುದನ್ನು ಮರೆತಿದ್ದರು. ದೇವರ ಹೊಗೆ ನೇರವಾಗಿ ಅದಕ್ಕೇ ಹೋಗಿ ತಾಗಿತು.

ಮೊದಲು ಧೂಪಾರತಿ ಬಿದ್ದು ಒಡೆದ ಸದ್ದು ಕೇಳಿತು. ಆಮೇಲೆ ಮಾವನ ಕೂಗು: “ಸುವರ್ಣಾ! ಕೂಸಿನ್ನ ಹೊರಗ ತರಬ್ಯಾಡ!”

ಬಾಗಿಲಿಗೆ ಬಂದು ನೋಡಿದರೆ ಮಾವ ಓಡಿ ಬರುತ್ತಿದ್ದಾರೆ. ಅವರ ತಲೆ, ಹೆಗಲು ಜೇನು ಮುತ್ತಿ ಕಪ್ಪಗೆ ಕಾಣುತ್ತಿದ್ದವು. ಗೌರಿಯನ್ನು ನನ್ನ ಬೆನ್ನ ಹಿಂದೆ ಸರಿಸಿದೆ. ಹಿಂದಿನ ಬೇಸಿಗೆಯಲ್ಲಿ ಮೆಹಕರದ ಹೊಲದಲ್ಲಿ ಗೌರಿಗೆ ಒಂದೇ ಒಂದು ಜೇನು ಕಚ್ಚಿ, ಗಂಟಲು ಬಾತು ಉಸಿರು ಸಿಗದಂತಾಗಿತ್ತು. ಮತ್ತೊಮ್ಮೆ ಕಚ್ಚಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರ್ ಹೇಳಿದ್ದರು. ಇಲ್ಲಿ ಸಾವಿರಾರು ಹುಳ.

“ನೀವೂ ಒಳಗ ಬರ್ರಿ ಮಾವಾರ!” ಎಂದು ಕೈ ಚಾಚಿದೆ. ಅವರು ನನ್ನ ಕೈ ಹಿಡಿಯಲಿಲ್ಲ. ನನ್ನನ್ನು ಒಳಕ್ಕೆ ನೂಕಿ ಬಾಗಿಲು ಧಡಾರನೆ ಮುಚ್ಚಿದರು. ಹೊರಗೆ ಚಿಲಕ ಬಿದ್ದ ಸದ್ದು ಕೇಳಿತು. ಬೀಗ ಹಾಕಲೆಂದು ಸಂಗ್ರಹಾಲಯದವರು ಹೊರಗೆ ಮನೆ ಬಾಗಿಲಿನಂಥದೇ ಚಿಲಕ ಕೂಡಿಸಿದ್ದರು. ಒಳಗಿನಿಂದ ತೆರೆಯಲು ಏನೂ ಇರಲಿಲ್ಲ.

ಕಿಟಕಿಯ ತೂತಿನಿಂದ ಒಂದು ಜೇನು ಒಳಗೆ ಬಂತು. ಚಪ್ಪಲಿಯಿಂದ ಬಡಿದೆ. ಇನ್ನೊಂದು ಬಂತು. ಅದು ನನ್ನ ಕೊರಳಿಗೆ ಕಚ್ಚಿತು, ಅಲ್ಲೇ ಹೊಸಕಿದೆ. ಗೌರಿಗೆ ನನ್ನ ಸೀರೆಯ ಸೆರಗು ಸುತ್ತಿ ನೆಲದ ಮೇಲೆ ಮುದುರಿ ಕೂಡಿಸಿ, ಪೂಜೆಗೆ ತಂದ ಚೆಂಡು ಹೂವುಗಳನ್ನೇ ತೂತುಗಳಿಗೆ ತುರುಕಿದೆ. ಹೂವು ಮುಗಿದಾಗ ಕರ್ಚೀಫು ಹರಿದೆ. ಆಮೇಲೆ ಗೌರಿಯ ರಿಬ್ಬನ್, ಕಾಲುಚೀಲ, ಊದಿನಕಡ್ಡಿಯ ಕಾಗದ, ಕೈಗೆ ಸಿಕ್ಕಿದ್ದೆಲ್ಲ. ಗಾಜಿನ ಆಚೆ ಹುಳಗಳು ಮುತ್ತಿ ಒಳಗೆ ಮಬ್ಬಾಯಿತು. ಬಿಸಿಲಿಗೆ ಕಾದ ತಗಡು ಹಂಚಿನಂತೆ ಸುಡುತ್ತಿತ್ತು.

“ಮಮ್ಮಿ, ಮುತ್ಯಾ ಎಲ್ಲಿ?” ಎಂದು ಗೌರಿ ಅಜ್ಜನಿಗಾಗಿ ಅಳತೊಡಗಿದಳು.

ಯಜಮಾನರಿಗೆ ಫೋನ್ ಹಚ್ಚಿದೆ. ಜೇನು ಎದ್ದಿವೆ, ನಾನೂ ಗೌರಿಯೂ ವಿಮಾನದೊಳಗಿದ್ದೇವೆ ಎಂದು ಹೇಳಿದೆ.

“ನಾ ಅಗ್ನಿಶಾಮಕದವರಿಗಿ ಹೇಳ್ತೇನಿ. ಬಾಗಿಲ ತೆಗಿಬ್ಯಾಡ. ಅಪ್ಪ ಎಲ್ಲಿ ಅದಾರ?”

“ಹೊರಗರಿ,” ಎಂದೆ.

ಅವರು ಅಲ್ಲಿಗೇ ಫೋನ್ ಇಟ್ಟರು.

ಗೌರಿ “ಮುತ್ಯಾ!” ಎಂದು ಕಿರುಚಿದಳು. ನಮ್ಮ ಕಾಲ ಕೆಳಗೆ, ವಿಮಾನದ ಹೊಟ್ಟೆಗೆ ಹೊರಗಿನಿಂದ ಯಾರೋ ತಟ್ಟಿದರು. ಮಾವ! ಅವರು ಅಡಿಯಲ್ಲಿ ತೆವಳಿಕೊಂಡು ಹೋಗಿದ್ದರು. ಗೌರಿ ಕರೆದಾಗಲೆಲ್ಲ ತಟ್ಟುತ್ತಿದ್ದರು. ಅವಳು ಕರೆಯುವುದು, ಅವರು ತಟ್ಟುವುದು. ಬರಬರುತ್ತ ತಟ್ಟುವುದು ಮೆಲ್ಲಗಾಯಿತು.

ಮತ್ತೆ ಗೌರಿ ಕರೆದಳು. ಸದ್ದಿಲ್ಲ. ಇನ್ನೂ ಜೋರಾಗಿ ಕರೆದಳು. ಏನೂ ಇಲ್ಲ. ಹೊರಗೆ ಜೇನಿನ ಮೊರೆತ ಮಾತ್ರ ಕೇಳುತ್ತಿತ್ತು.

ನಾನು ಎದ್ದು ಹೋಗಿ ಬಾಗಿಲಿಗೆ ಕೈ ಹಚ್ಚಿದೆ. ಒಮ್ಮೆ ನೂಕಿದೆ. ಚಿಲಕ ಗಟ್ಟಿಯಾಗಿತ್ತು. ತಿರುಗಿ ಬಂದು ಮಗಳನ್ನು ತಬ್ಬಿಕೊಂಡು ಕೂತೆ. ನನಗೆ ಗೊತ್ತಿದ್ದ ವಚನಗಳೆಲ್ಲ ಆಗ ಮರೆತುಹೋಗಿದ್ದವು. ಬರೀ “ಬಸವಾ, ಬಸವಾ” ಎನ್ನುತ್ತಿದ್ದೆ.

ಕೊನೆಗೆ ಬಾಗಿಲು ತೆರೆದವರು ಅಗ್ನಿಶಾಮಕದವರು. ಜೊತೆಗೆ ತಲೆಯವರೆಗೂ ಕಂಬಳಿ ಹೊದ್ದ ಚಾಚಾ. ನಮ್ಮಿಬ್ಬರನ್ನು ಕಂಬಳಿಯೊಳಗೆ ಸುತ್ತಿ ಗಾಡಿಗೆ ಓಡಿಸಿದರು. ಮಾವನನ್ನು ವಿಮಾನದ ಅಡಿಯಿಂದ ಎಳೆದು ತಂದಾಗ ಅವರ ಮುಖ ಗುರುತೇ ಸಿಗಲಿಲ್ಲ. ಕಣ್ಣಿದ್ದ ಜಾಗದಲ್ಲಿ ಎರಡು ಗೀರು. ನಾನು ಅವರು ಹೋಗಿಯೇ ಬಿಟ್ಟರು ಎಂದುಕೊಂಡೆ. “ನಂದೇ ತಪ್ಪರಿ ಅಕ್ಕಾ, ಆ ಕಡಿ ಜೇನ ಅದ ಅಂತ ಹೇಳಲಿಲ್ಲ ನಾ,” ಎಂದು ಚಾಚಾ ಹಣೆ ಚಚ್ಚಿಕೊಂಡರು.

ಬೀದರಿನ ಆಸ್ಪತ್ರೆಯಲ್ಲಿ ಮಾವನಿಗೆ ಪ್ರಜ್ಞೆ ಬಂದದ್ದು ಮರುದಿನ. ಊರೆಲ್ಲ ಬನ್ನಿ ಹಂಚುತ್ತಿದ್ದಾಗ ನಾವು ಅವರ ಮಂಚದ ಸುತ್ತ ನಿಂತಿದ್ದೆವು. ಬಾತ ತುಟಿಯಲ್ಲೇ ಮೊದಲು ಕೇಳಿದ್ದು, “ಕೂಸಿಗಿ ಕಚ್ಚಿಲ್ಲಲಾ?”

“ಒಂದೂ ಕಚ್ಚಿಲ್ಲರಿ,” ಎಂದೆ. ಅಳು ತಡೆಯಲಾಗಲಿಲ್ಲ. “ಹೊರಗಿಂದ ಚಿಲಕ ಯಾಕ ಹಾಕಿದ್ರಿ ಮಾವಾರ?”

“ನೀ ಅಂಜುಬುರುಕಿ ಖರೆ. ಆದ್ರ ನಿನ್ನ ಮನಸ ನಂಗ ಗೊತ್ತದ. ನಾ ಹೊರಗ ನರಳೋದು ಕೇಳಿ ನೀ ಬಾಗಿಲ ತೆಗದೇ ತೆಗೀತಿದ್ದಿ. ಕೂಸಿನ ಗತಿ ಏನಾಗ್ತಿತ್ತು ಹೇಳು?”

ನಾನು ಹೌದೆಂಬಂತೆ ತಲೆಯಾಡಿಸಿದೆ.

ಈಗ ಮಾವ ಚೆನ್ನಾಗಿದ್ದಾರೆ. ನನಗೆ ಮಾತ್ರ ಇಂದಿಗೂ ಲೋಬಾನದ ವಾಸನೆ ಬಂದರೆ ಆ ತಟ್ಟುವ ಸದ್ದು ನೆನಪಾಗುತ್ತದೆ. ಅಂದು ಸದ್ದು ನಿಂತಾಗ ನಾನು ಬಾಗಿಲು ನೂಕಿದ್ದು ಒಂದೇ ಸಲ. ಅದು ತೆರೆಯುವುದಿಲ್ಲ ಎಂದು ಗೊತ್ತಾದಾಗ ಎದೆಯೊಳಗೆ ಮೊದಲು ಆದದ್ದು ಸಮಾಧಾನ. ಚಿಲಕ ಇರದೇ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಆದರೆ ಮಾವ ಮನೆಗೆ ಬಂದವರಿಗೆಲ್ಲ, “ನಮ್ಮ ಸೊಸಿ ನನ್ನ ಸಲುವಾಗಿ ಬಾಗಿಲ ತೆಗದೇ ತೆಗೀತಿದ್ದಳು ನೋಡ್ರಿ,” ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆಗೆಲ್ಲ ನಾನು ಚಹಾ ಇಡುವ ನೆಪ ಮಾಡಿ ಎದ್ದು ಒಳಗೆ ಹೋಗುತ್ತೇನೆ.