ಅರ್ಧ ಚೌಕದ ಹೊಟ್ಟೆಕಿಚ್ಚು

ಬೆಳಗಿನ ಐದು ಗಂಟೆ. ಬೀದಿಯ ಒಂದು ಶಟರ್ ಕೂಡ ಇನ್ನೂ ಎದ್ದಿಲ್ಲ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಚೌಕದಕ್ಕ ತಲೆಗೆ ಬಟ್ಟೆ ಬಿಗಿದು, ಮೇಜನ್ನು ಮೂರನೇ ಸಲ ಒರೆಸುತ್ತಿದ್ದಾರೆ. ಮೇಜಿನ ಮೇಲೆ ಹಳೆಯದೊಂದು ಪಾಳುಕೋಟೆಯ ಚಿತ್ರ ಮರುಮುದ್ರಣಕ್ಕೆಂದು ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಬಿಸಿ ರೋಲರಿನ ಬಾಯಿಗೆ ಕೊಡುವ ಮುನ್ನ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಸಿಕ್ಕಿತು, ಒಂದು ಧೂಳಿನ ಕಣ. ಉಗುರಿನ ತುದಿಯಲ್ಲಿ ಅದನ್ನು ಎತ್ತಿ ಬಿಸಾಡುತ್ತಾರೆ.

"ಬೀದಿ ಎದ್ರೆ ಧೂಳೂ ಏಳುತ್ತೆ. ಒಂದು ಕಣ ಒಳಗೆ ಸಿಕ್ಕಾಕೊಂಡ್ರೆ ಅಲ್ಲೊಂದು ಗುಳ್ಳೆ. ಅದರ ಮೇಲೆ ಗೊಂಬೆ ನಿಲ್ಲಿಸಿದ್ರೆ ವಾಲುತ್ತೆ. ರಾಕ್ಷಸನ ಎದುರು ನಿಂತ ವೀರ ಕುಡುಕನ ಥರ ವಾಲಿದ್ರೆ ಆಡೋರಿಗೆ ಏನು ಮಜಾ ಹೇಳಿ?" ಎಂದು ಅಕ್ಕ ಕೇಳುವುದು ತಮ್ಮ ಬಗ್ಗೆ ಬರೆಯಲು ಬಂದ ಪತ್ರಿಕೆಯವರನ್ನು.

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ನಾನು ಮಾಂತ್ರಿಕ, ನೀನು ಬಿಲ್ಲುಗಾರ್ತಿ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟವೊಂದಿದೆ. ಕಥೆಯಲ್ಲಿ ಕಾಳಗ ಬಂದಾಗ ಮೇಜಿನ ಮೇಲೆ ಹಾಸುವ ನಕ್ಷೆ ಇದು. ಮೈತುಂಬ ಒಂದೊಂದು ಇಂಚಿನ ಚೌಕ. ಬೆರಳುದ್ದದ ಗೊಂಬೆಗಳು ಚೌಕದಿಂದ ಚೌಕಕ್ಕೆ ನಡೆಯುತ್ತವೆ. ಇಲ್ಲಿ ಬೆಂಕಿ ಬಿತ್ತು, ಇಲ್ಲಿ ಗೋಡೆ ಕುಸಿಯಿತು ಎಂದು ಆಟಗಾರರು ಪೆನ್ನಿನಲ್ಲಿ ಗೀಚುತ್ತಾರೆ, ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮಡಿಚಿಡುತ್ತಾರೆ. ಮುಂದಿನ ವಾರ ಅದೇ ಹಾಳೆಯ ಮೇಲೆ ಬೇರೆ ಯುದ್ಧ ನಡೆಯುತ್ತದೆ.

ಆ ಚೌಕಗಳೆಲ್ಲ ಈ ಅಕ್ಕನವು. ಹದಿನೆಂಟು ವರ್ಷದ ಕೆಲಸ. ಚಿತ್ರ ಮಾತ್ರ ಯಂತ್ರದಲ್ಲಿ ಅಚ್ಚಾಗಿ ಬರುತ್ತದೆ. ಗೆರೆಗಳನ್ನು ಅಕ್ಕ ಬಲೆ ಬಿಗಿದ ಮರದ ಚೌಕಟ್ಟು ಇಳಿಸಿ, ಶಾಯಿ ಎಳೆದು, ಕೈಯಲ್ಲೇ ಒತ್ತುತ್ತಾರೆ. ಅಡ್ಡಕ್ಕೆ ಮೂವತ್ತಾರು, ಉದ್ದಕ್ಕೆ ಇಪ್ಪತ್ನಾಲ್ಕು. ಹಾಳೆಗೆ ಎಂಟುನೂರ ಅರವತ್ನಾಲ್ಕು ಚೌಕ. ದಿನಕ್ಕೆ ನಲವತ್ತು ಹಾಳೆ. ಮಡಿಕೆ ಗೆರೆಯ ಮೇಲೆಯೇ ಬೀಳಬೇಕು, ಚೌಕದ ನಡುವೆ ಬಿದ್ದರೆ ಗೊಂಬೆ ಮುಗ್ಗರಿಸುತ್ತದೆ. ಪ್ರತಿ ಕಟ್ಟಿನಿಂದ ಒಂದು ಹಾಳೆ ತೆಗೆದು, ಪೆನ್ನಿನಲ್ಲಿ ಗೀಚಿ, ವಾರ ಬಿಟ್ಟು ಒರೆಸಿ ನೋಡುತ್ತಾರೆ. ಕಲೆ ಉಳಿದರೆ ಇಡೀ ಕಟ್ಟು ರದ್ದಿಗೆ ಹೋಗುತ್ತದೆ.

ಇಷ್ಟಾದರೂ ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿರುವ ಹೆಸರು ಇವರದಲ್ಲ. ಅದು ಚಿತ್ರ ಬರೆಯುವವಳ ಸಹಿ. ಆ ಚಿತ್ರಗಾರ್ತಿ ಬೇರೆ ಯಾರೂ ಅಲ್ಲ, ಅಕ್ಕನ ಒಡಹುಟ್ಟಿದ ತಂಗಿ.

"ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?" ಅಕ್ಕ ರೋಲರಿನಿಂದ ಕಣ್ಣು ತೆಗೆಯುವುದಿಲ್ಲ. "ಸ್ಕೂಲಲ್ಲಿ ಅವಳ ಪುಸ್ತಕಕ್ಕೆ ಮಾರ್ಜಿನ್ ಹಾಕ್ತಿದ್ದಿದ್ದು ನಾನು. ಒಳಗೆ ಅವಳು ನವಿಲು ಬರೀತಿದ್ಲು. ಟೀಚರ್ ನವಿಲಿಗೆ ಸ್ಟಾರ್ ಕೊಟ್ರು. ಮಾರ್ಜಿನ್‌ಗೆ ಯಾರಾದ್ರೂ ಸ್ಟಾರ್ ಕೊಡ್ತಾರಾ?"

ಆಟದಂಗಡಿಯಲ್ಲಿ ಹೊಸ ನಕ್ಷೆ ಬಂದ ದಿನ ತಂಗಿಯ ಸಹಿಗೆ ಸಾಲು ನಿಲ್ಲುತ್ತದೆ. ಅಕ್ಕನೂ ಒಮ್ಮೆ ಹೋಗಿದ್ದರು. ಸಾಲಿನಲ್ಲಿದ್ದವನೊಬ್ಬ ನಕ್ಷೆಯನ್ನು ಎತ್ತಿ ಹಿಡಿದು, ಎಂಥಾ ನೀರು, ಎಂಥಾ ಬಂಡೆ ಎಂದು ಕೊಂಡಾಡಿದ. ಆಮೇಲೆ ಇವರತ್ತ ತಿರುಗಿ, ಸ್ವಲ್ಪ ಈ ಬ್ಯಾಗ್ ಹಿಡ್ಕೊಳ್ತೀರಾ ಎಂದ. ಅಕ್ಕ ಹಿಡಿದುಕೊಂಡರು. ಮನೆಗೆ ಬರುವಷ್ಟರಲ್ಲಿ ಒಳಗೊಳಗೇ ಕುದಿದುಹೋಗಿದ್ದರು.

ಅದಾದ ವಾರಕ್ಕೆ ತಂಗಿಯ ಹೊಸ ಚಿತ್ರ ಬಂತು. ಆಳವಾದ ಕಮರಿ, ಅದರ ಮೇಲೆ ಅಡ್ಡಲಾಗಿ ಹಗ್ಗದ ಸೇತುವೆ, ಅಗಲ ಸರಿಯಾಗಿ ಎರಡು ಚೌಕ. ಹಾಳೆಯ ಮೇಲೆ ಚೌಕಟ್ಟು ಎಲ್ಲಿ ಕೂರಬೇಕೆಂದು ಹಿಡಿದಿಡುವ ಪಿನ್ನುಗಳನ್ನು ಅಕ್ಕ ಅರ್ಧ ಇಂಚು ಮೇಲಕ್ಕೆ ಸರಿಸಿದರು. ಅಂಚನ್ನು ಕತ್ತರಿಸುವುದೂ ಅಕ್ಕನೇ, ಕೊನೆಯ ಗೆರೆಗೆ ಸರಿಯಾಗಿ. ಗೆರೆ ಮೇಲೆ ಹೋದರೆ ಕೆಳಗಿನ ಅರ್ಧ ಇಂಚು ಹಾರಿಹೋಗುತ್ತದೆ, ಜೊತೆಗೆ ಮೂಲೆಯ ಸಹಿಯೂ. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಸೇತುವೆಯ ನೆನಪೇ ಆಗಲಿಲ್ಲ.

ಮುನ್ನೂರು ಹಾಳೆ ಹೊರಗೆ ಹೋದವು. ಸೇತುವೆಯ ಮೇಲೆ ನಡುವೆ ಒಂದು ಪೂರ್ತಿ ಚೌಕ, ಅತ್ತ ಅರ್ಧ, ಇತ್ತ ಅರ್ಧ. ಅರ್ಧ ಚೌಕದಲ್ಲಿ ನಿಂತವನು ಸೇತುವೆಯ ಮೇಲಿದ್ದಾನೋ, ಕಮರಿಗೆ ಬಿದ್ದನೋ? ಮೇಜು ಮೇಜಿಗೂ ಜಗಳ. ಹಾಳೆಗಳು ಕಟ್ಟುಕಟ್ಟಾಗಿ ವಾಪಸಾದವು. ಮುದ್ರಣಾಲಯದ ಯಜಮಾನ ಅಕ್ಕನನ್ನು ಕರೆದು ಕೇಳಿದ. "ಹದಿನೆಂಟು ವರ್ಷದಲ್ಲಿ ನನ್ನ ಚೌಕ ಯಾವತ್ತಾದ್ರೂ ತಪ್ಪಿದ್ಯಾ?" ಎಂದು ಅಕ್ಕ ತಿರುಗಿ ಕೇಳಿದರು. ಯಜಮಾನ ತಂಗಿಗೆ ಫೋನ್ ಮಾಡಿದ.

ತಂಗಿ ಒಂದೇ ಮಾತು ಹೇಳಿದಳಂತೆ. "ಅಕ್ಕನ ಅಳತೆ ತಪ್ಪಲ್ಲ. ನಾನೇ ತಪ್ಪು ಬರೆದಿರ್ತೀನಿ."

ಆಮೇಲಿನ ಏಳು ತಿಂಗಳು ತಂಗಿ ಒಂದೂ ಸೇತುವೆ ಬರೆದಿಲ್ಲ. ಬಾಗಿಲಿಲ್ಲ, ಮೆಟ್ಟಿಲಿಲ್ಲ, ಅಳೆಯಬೇಕಾದದ್ದು ಯಾವುದೂ ಇಲ್ಲ. ಮೊದಲು ಮರಳುಗಾಡು, ಆಮೇಲೆ ಹೆಪ್ಪುಗಟ್ಟಿದ ಕೆರೆ. ಅಡಗಿಕೊಳ್ಳಲು ಜಾಗವಿಲ್ಲದ ಕಡೆ ಕಾಳಗವೇನು ಬಂತು? ನಕ್ಷೆಗಳು ಅಂಗಡಿಯಲ್ಲೇ ಉಳಿದಿವೆ. ಇನ್ನೊಂದು ಸಲ ಬೋಳು ಬಯಲು ಬಂದರೆ ಮುಂದಿನ ಸರಣಿ ಬೇರೆಯವರಿಗೆ ಎಂದು ಯಜಮಾನ ನಿನ್ನೆ ಸಂಜೆ ಹೇಳಿಬಿಟ್ಟಿದ್ದಾನೆ. ಅಕ್ಕನಿಗೆ ಬೇಕಾಗಿದ್ದದ್ದು ಅರ್ಧ ಇಂಚು, ಈಗ ಪೂರ್ತಿ ಸಹಿಯೇ ಅಳಿಸಿಹೋಗುವುದರಲ್ಲಿದೆ. ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಿಲ್ಲ ಎನ್ನುತ್ತಾರೆ ಅಕ್ಕ.

ಒಂಬತ್ತು ಗಂಟೆಗೆ ತಂಗಿ ಬರುತ್ತಾಳೆ. ಬೆರಳಿನ ಸಂದಿಯಲ್ಲೆಲ್ಲ ಹಸಿರು ಬಣ್ಣ. ಸುರುಳಿ ಬಿಚ್ಚಿದರೆ ಹುಲ್ಲುಗಾವಲು, ಈ ತುದಿಯಿಂದ ಆ ತುದಿಯವರೆಗೆ ಬರೀ ಹುಲ್ಲು. ಒಂದೊಂದು ಎಸಳೂ ಗಾಳಿಗೆ ಬಾಗಿದೆ. ಅಷ್ಟು ಚೆಂದದ ಹುಲ್ಲನ್ನು ಕಂಡು ಅಕ್ಕನ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಬಿದ್ದದ್ದು ಮುಖದಲ್ಲೇ ಕಾಣುತ್ತದೆ.

"ಇದರಲ್ಲೊಂದು ಹಳ್ಳ ಹರೀಲಿ. ಮೇಲೊಂದು ಸೇತುವೆ ಹಾಕು," ಎನ್ನುತ್ತಾರೆ ಅಕ್ಕ.

"ಬೇಡ ಕಣೇ. ನನಗೆ ಅಳತೆ ಬರಲ್ಲ."

"ಬರುತ್ತೆ. ಆವತ್ತೂ ಸರಿಯಾಗೇ ಇತ್ತು. ಪಿನ್ ಸರಿಸಿದ್ದು ನಾನು. ಬೇಕಂತಲೇ."

ತಂಗಿಗೆ ಅರ್ಥವಾಗುವುದಿಲ್ಲ. ಅಕ್ಕ ಮೊದಲಿನಿಂದ ಹೇಳುತ್ತಾರೆ: ಅಂಗಡಿಯ ಸಾಲು, ಕೈಗೆ ಬಂದ ಬ್ಯಾಗು, ಅರ್ಧ ಇಂಚು. ಟಿಪ್ಪಣಿ ಪುಸ್ತಕ ಮುಚ್ಚಲು ಹೊರಟ ಪತ್ರಿಕೆಯವರನ್ನು ಕೈಸನ್ನೆಯಲ್ಲೇ ತಡೆಯುತ್ತಾರೆ. "ಬರ್ಕೊಳ್ಳಿ. ಎಲೆಮರೆ ಕಾಯಿ ಅಂತ ತಾನೇ ಬಂದಿರೋದು? ಕಾಯಿಗೆ ಹುಳ ಇತ್ತು ಅಂತಾನೂ ಬರ್ಕೊಳ್ಳಿ."

"ನನ್ನ ಮೇಲಾ?" ತಂಗಿಯ ದನಿ ಕೀರಲಾಗುತ್ತದೆ. "ಹೊಟ್ಟೆಕಿಚ್ಚು ನನ್ನ ಮೇಲಾ? ಏಳು ತಿಂಗಳು ಸ್ಕೇಲ್ ಮುಟ್ಟಿಲ್ಲ ನಾನು. ಎಲ್ರೂ ಬೈದಾಗ ನಿನ್ನ ಪರ ಮಾತಾಡಿದ್ದು ನಾನು!" ಹುಲ್ಲುಗಾವಲನ್ನು ಸುತ್ತಿ ಕಂಕುಳಿಗೆ ಇರುಕಿಕೊಂಡು ಹೊರಟೇಬಿಡುತ್ತಾಳೆ.

ಅಕ್ಕ ಅಲ್ಲಿಂದ ನೇರ ಯಜಮಾನನ ಕೋಣೆಗೆ ನಡೆದು, ಪಿನ್ ಸರಿಸಿದ್ದನ್ನು ಅಲ್ಲೂ ಒಪ್ಪಿಕೊಳ್ಳುತ್ತಾರೆ. ಅವನ ಬೈಗುಳ ಬೀದಿಗೂ ಕೇಳಿಸುತ್ತದೆ. ಕೊನೆಗೆ ಯಜಮಾನ ತಂಗಿಗೆ ಇನ್ನೊಂದು ಅವಕಾಶ ಕೊಡಲು ಒಪ್ಪುತ್ತಾನೆ. ಇನ್ನು ಮೇಲೆ ಅಕ್ಕ ಪಿನ್ ಬಿಗಿದಾಗಲೆಲ್ಲ ಇನ್ನೊಬ್ಬರು ಅಳೆದು ನೋಡಬೇಕು. ಹದಿನೆಂಟು ವರ್ಷದಲ್ಲಿ ಇದೇ ಮೊದಲು. ಆ ದಿನ ಅಕ್ಕ ಊಟ ಮುಟ್ಟುವುದಿಲ್ಲ.

ಹನ್ನೊಂದು ದಿನ ತಂಗಿಯ ಸುಳಿವಿಲ್ಲ. ಹನ್ನೆರಡನೆಯ ಬೆಳಿಗ್ಗೆ ಐದೂಕಾಲಿಗೆ ಬಾಗಿಲು ಬಡಿಯುತ್ತಾಳೆ. ಮೇಜಿನ ಮೇಲೆ ಚಿತ್ರದ ಅಚ್ಚು ಹಾಸುತ್ತಾಳೆ. ಅದೇ ಕಮರಿ, ತಳದಲ್ಲಿ ಹರಿಯುವ ನೀರು, ಆದರೆ ಈ ಸಲ ಸೇತುವೆ ಒಂದಲ್ಲ, ಏಳು. ಹಗ್ಗದ್ದು, ಕಲ್ಲಿನದು, ಬಿದ್ದ ಮರದ್ದು. ತಿಂಗಳಿಗೊಂದರಂತೆ ಸೇಡು ತೀರಿಸಿಕೊಂಡಿದ್ದಾಳೆ.

"ಗೆರೆ ಹಾಕು. ನಾನೇ ಅಳೀತೀನಿ," ಎಂದು ಸ್ಕೇಲ್ ಹಿಡಿದು ಎದುರು ನಿಲ್ಲುತ್ತಾಳೆ.

ಏಳೂ ಸೇತುವೆಗಳನ್ನು ಗೆರೆಗೆ ಕೂರಿಸುವುದು ಹುಡುಗಾಟವಲ್ಲ. ಒಂದು ಕೂತರೆ ಇನ್ನೊಂದು ಕೂದಲೆಳೆಯಷ್ಟು ಏಳುತ್ತದೆ. ಅಕ್ಕ ಪಿನ್ ಸಡಿಲಿಸಿ, ಬಿಗಿದು, ಮತ್ತೆ ಸಡಿಲಿಸಿ ಒಂದು ಗಂಟೆ ಒದ್ದಾಡುತ್ತಾರೆ. ಆಮೇಲೆ ಚೌಕಟ್ಟು ಇಳಿಸಿ ಶಾಯಿ ಎಳೆಯುತ್ತಾರೆ. ತಂಗಿ ಒಂದೊಂದನ್ನೇ ಅಳೆಯುತ್ತಾಳೆ. ಏಳನೆಯದು ಮುಗಿದರೂ ಅವಳಿಗೆ ಒಂದು ತಪ್ಪೂ ಸಿಗುವುದಿಲ್ಲ.

ನಿಮಗೇನಾದರೂ ಆಸೆ ಇದೆಯಾ ಎಂದು ಮತ್ತೆ ಬಂದ ಪತ್ರಿಕೆಯವರು ಕೇಳಿದರೆ ಅಕ್ಕ ಶಾಯಿಯ ಕೈ ಒರೆಸಿಕೊಳ್ಳುತ್ತಾರೆ. "ಹೊಟ್ಟೆಕಿಚ್ಚು ಹೋಗಿಲ್ಲ. ಆ ನೀರು ನೋಡಿ, ಹೇಗೆ ಬರ್ದಿದ್ದಾಳೆ, ಪಾಪಿ! ಒಂದೇ ಒಂದು ನಕ್ಷೆ ಮೇಲೆ ನನ್ನ ಹೆಸರೂ ಇರ್ಲಿ ಅಂತ ಆಸೆ. ಅವಳದ್ದಕ್ಕಿಂತ ದೊಡ್ಡದು ಬೇಡ. ಚಿಕ್ಕದೂ ಬೇಡ."

ತಂಗಿ ಪೆನ್ಸಿಲ್ ತೆಗೆದುಕೊಂಡು ತನ್ನ ಸಹಿಯ ಕೆಳಗೆ, ಅಂಚಿಗೆ ತೀರ ಒತ್ತಿ ಅಕ್ಕನ ಹೆಸರು ಬರೆಯುತ್ತಾಳೆ.

"ಅಷ್ಟು ಕೆಳಗೆ ಯಾಕೇ? ಒಂದು ಕೂದಲು ಆಚೀಚೆ ಆದ್ರೂ ಕತ್ತರಿ ಬೀಳುತ್ತೆ ಅಲ್ಲಿ!"

"ಗೊತ್ತು," ಎನ್ನುತ್ತಾಳೆ ತಂಗಿ. "ಕತ್ತರಿಸೋಳು ನೀನೇ ತಾನೇ? ಉಳಿಸ್ಕೋ."